ಮದ್ದಳೆಗೂ ಭೌತಶಾಸ್ತ್ರದ ಕೋಣೆಯಲ್ಲಿ ಜಾಗ ಕೊಡಿ: ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಸಚಿವರು,
ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ವಿಜ್ಞಾನದ ಪಾಠ, ಪ್ರಯೋಗ ಮತ್ತು ವಸ್ತುಪ್ರದರ್ಶನಗಳಲ್ಲಿ ನಮ್ಮ ಸಂಗೀತ ವಾದ್ಯಗಳಿಗೂ, ಅವುಗಳನ್ನು ಮಾಡುವವರಿಗೂ ಜಾಗ ಕೊಡುವ ಬಗ್ಗೆ.

ಮಾನ್ಯರೇ,

ನಾನು ಕರಾವಳಿಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಇದನ್ನು ಇಲಾಖೆಗೆ ಮಾತ್ರ ಬರೆದು ಕಳಿಸಬಹುದಿತ್ತು. ಆದರೆ ರಾಜ್ಯದ ವಿಜ್ಞಾನ ಶಿಕ್ಷಕರು, ಸಂಗೀತ ಶಿಕ್ಷಕರು, ಹೆತ್ತವರು, ವಾದ್ಯ ಮಾಡುವವರು ಎಲ್ಲರೂ ಓದಲಿ, ನನ್ನ ಮಾತಿನಲ್ಲಿ ಕೊರತೆ ಕಂಡರೆ ತುಂಬಲಿ ಅಂತ ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಡೆದದ್ದನ್ನು ಮೊದಲು ಹೇಳುತ್ತೇನೆ.

ಕಳೆದ ವರ್ಷ ನಮ್ಮ ಭಾಗದ ಒಂದು ವಿಜ್ಞಾನ ವಸ್ತುಪ್ರದರ್ಶನಕ್ಕೆ ನಮ್ಮ ಪ್ರಥಮ ಪಿಯುಸಿ ಮಕ್ಕಳು ಒಂದು ಮದ್ದಳೆ ಮತ್ತು ಒಂದು ತಮಟೆ ತೆಗೆದುಕೊಂಡು ಹೋದರು. ತಂಡದಲ್ಲಿದ್ದ ಒಬ್ಬ ಹುಡುಗ ಯಕ್ಷಗಾನಕ್ಕೆ ಮದ್ದಳೆ ಬಾರಿಸುವವನು. ಧ್ವನಿಯ ಪಾಠ ನಡೆಯುವಾಗ ಅವನು ಒಂದು ಪ್ರಶ್ನೆ ಕೇಳಿದ್ದ: "ತಮಟೆಯನ್ನು ಭಾಗವತರ ಶ್ರುತಿಗೆ ಸೇರಿಸ್ಲಿಕ್ಕೆ ಆಗುದಿಲ್ಲ, ಮದ್ದಳೆಯನ್ನು ಸೇರಿಸ್ಲಿಕ್ಕೆ ಆಗ್ತದೆ. ಎರಡೂ ಚರ್ಮವೇ ಅಲ್ವಾ ಮೇಡಂ?" ಇದಕ್ಕಿಂತ ಒಳ್ಳೆಯ ಪ್ರಶ್ನೆ ನನ್ನ ತರಗತಿಯಲ್ಲಿ ಆ ವರ್ಷ ಯಾರೂ ಕೇಳಲಿಲ್ಲ. ಉತ್ತರ ನಾನು ಹೇಳಲಿಲ್ಲ. ನೀವೇ ಕಂಡುಹಿಡಿಯಿರಿ ಅಂದೆ. ಮಕ್ಕಳು ತಿಂಗಳುಗಟ್ಟಲೆ ಅದರ ಹಿಂದೆ ಬಿದ್ದರು. ಫೋನಿನಲ್ಲಿ ಧ್ವನಿ ಅಳೆಯುವ ಆ್ಯಪ್ ಹಾಕಿಕೊಂಡು ಒಂದೊಂದು ಪೆಟ್ಟಿನ ಆವರ್ತವನ್ನು, ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಎನ್ನುವುದನ್ನು, ಬರೆದುಕೊಂಡರು. ಮುಚ್ಚಿಗೆಯ, ಅಂದರೆ ವಾದ್ಯದ ಬಾಯಿಗೆ ಬಿಗಿದ ಚರ್ಮದ, ಮೇಲೆ ನುಣ್ಣನೆಯ ಮರಳು ಉದುರಿಸಿ, ಕಂಪನ ಎಲ್ಲಿದೆ, ಎಲ್ಲಿಲ್ಲ ಅಂತ ಚಿತ್ರ ಬಿಡಿಸಿದರು.

ಪ್ರದರ್ಶನದ ದಿನ ತೀರ್ಪುಗಾರರೊಬ್ಬರು ಬಂದರು. ಮದ್ದಳೆ ನೋಡಿದರು. "ಇದು ಸಾಂಸ್ಕೃತಿಕ ವಿಭಾಗದ್ದಲ್ವಾ? ಇಲ್ಲಿ ಯಾಕೆ ಇಟ್ಟಿದ್ದೀರಿ?" ಅಂದರು. ಮಕ್ಕಳು ವಿವರಿಸಲು ಶುರುಮಾಡುವ ಮೊದಲೇ ಮುಂದಿನ ಮೇಜಿಗೆ ಹೋದರು. ಸಂಜೆ ಕೊಟ್ಟ ಹಾಳೆಯಲ್ಲಿ "ವಿಷಯಕ್ಕೆ ಸಂಬಂಧಿಸಿಲ್ಲ" ಅಂತ ಬರೆದಿತ್ತು. ಮರಳಿನ ಚಿತ್ರಗಳನ್ನು ಯಾರೂ ನೋಡಲಿಲ್ಲ. ಅಳತೆಗಳ ಪಟ್ಟಿಯನ್ನು ಯಾರೂ ಓದಲಿಲ್ಲ.

ಆ ತೀರ್ಪುಗಾರರ ಹೆಸರಾಗಲಿ ಊರಾಗಲಿ ನಾನು ಹೇಳುವುದಿಲ್ಲ. ಅವರ ಮೇಲೆ ಕ್ರಮ ಬೇಕು ಅಂತಲೂ ಕೇಳುತ್ತಿಲ್ಲ. ಅವರೂ ನಮ್ಮ ಹಾಗೆಯೇ ಕಲಿತವರು. ಹತ್ತನೇ ತರಗತಿ ಮುಗಿದ ಕೂಡಲೇ ವಿಜ್ಞಾನ ಒಂದು ಕಡೆ, ಕಲೆ ಇನ್ನೊಂದು ಕಡೆ ಅಂತ ಅರ್ಜಿ ತುಂಬಿಸಿಕೊಳ್ಳುವ ವ್ಯವಸ್ಥೆಯಲ್ಲಿ ಬೆಳೆದವರಿಗೆ, ಮದ್ದಳೆ ಕಂಡರೆ ವಿಜ್ಞಾನ ಕಾಣದೇ ಹೋಗುವುದು ಸಹಜ. ನನ್ನ ದೂರು ಆ ವ್ಯವಸ್ಥೆಯ ಮೇಲೆ.

ಆ ಮಕ್ಕಳು ಕಂಡುಕೊಂಡದ್ದು ಏನು ಅಂತ ತಾವು ದಯವಿಟ್ಟು ಓದಬೇಕು. ಸ್ವಲ್ಪ ಉದ್ದ ಆಗುತ್ತದೆ. ಆದರೆ ಅವತ್ತು ಅವರಿಗೆ ಹೇಳಲು ಬಿಡದ ಮಾತನ್ನು ನಾನಾದರೂ ಇಲ್ಲಿ ಪೂರ್ತಿ ಹೇಳಬೇಕು.

ವೀಣೆಯದೋ ಪಿಟೀಲಿನದೋ ಒಂದು ತಂತಿ ಮೀಟಿದರೆ ಅದರಲ್ಲಿ ಒಂದೇ ಕಂಪನ ಇರುವುದಿಲ್ಲ. ಮೂಲ ಕಂಪನದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಆವರ್ತದ ಕಂಪನಗಳೂ ಸಣ್ಣದಾಗಿ ಇರುತ್ತವೆ. ಎಲ್ಲವೂ ಪೂರ್ಣ ಸಂಖ್ಯೆಗಳು. ಹಾಗಾಗಿ ಅವು ಒಂದರೊಳಗೊಂದು ಕೂತು ನಮ್ಮ ಕಿವಿಗೆ ಒಂದೇ ಸ್ವರವಾಗಿ ಕೇಳಿಸುತ್ತವೆ. ಚರ್ಮದ ಕಥೆ ಬೇರೆ. ದುಂಡಗಿನ ಬಳೆಗೆ ಬಿಗಿದ ಬರೀ ಚರ್ಮಕ್ಕೆ ಬಡಿದರೆ, ಲೆಕ್ಕದ ಪ್ರಕಾರ ಮೇಲಿನ ಕಂಪನಗಳು ಮೂಲದ 1.59 ಪಟ್ಟು, 2.14 ಪಟ್ಟು, 2.30 ಪಟ್ಟು, 2.65 ಪಟ್ಟು, ಹೀಗೆ ಬರುತ್ತವೆ. ಯಾವುದೂ ಪೂರ್ಣ ಸಂಖ್ಯೆಯಲ್ಲ. ಒಂದಕ್ಕೊಂದು ಹೊಂದುವುದಿಲ್ಲ. ಕಿವಿಗೆ ಸ್ವರ ಸಿಗುವುದಿಲ್ಲ, ಸದ್ದು ಸಿಗುತ್ತದೆ. ಇದರಿಂದ ತಮಟೆ ಕಡಿಮೆ ಅಂತ ಯಾರೂ ತಿಳಿಯಬಾರದು. ಊರಿಗೆಲ್ಲ ಕೇಳುವ ಹಾಗೆ ಗುಡುಗುವುದೇ ಅದರ ಕೆಲಸ, ಅದಕ್ಕೆ ಆ ಸದ್ದೇ ಬೇಕು.

ಮದ್ದಳೆಯ ಬಲ ಮುಚ್ಚಿಗೆಯ ನಡುವೆ ಕಪ್ಪಗೆ ದುಂಡಗೆ ಇರುತ್ತದಲ್ಲ, ಕರ್ಣ, ಗುಟ್ಟು ಅದರಲ್ಲಿದೆ. ಮೃದಂಗದಲ್ಲೂ ತಬಲದಲ್ಲೂ ಅದು ಇದೆ. ಚರ್ಮ ತನ್ನ ಅತಿ ನಿಧಾನದ ಕಂಪನದಲ್ಲಿ ಆಡುವಾಗ ನಡುಭಾಗವೇ ಎಲ್ಲಕ್ಕಿಂತ ಜಾಸ್ತಿ ಮೇಲೆ ಕೆಳಗೆ ಹೋಗುತ್ತದೆ. ಅಲ್ಲಿ ಭಾರ ಹಾಕಿದರೆ ಆ ಕಂಪನ ಇನ್ನೂ ನಿಧಾನವಾಗುತ್ತದೆ. ಎರಡನೇ ಕಂಪನದಲ್ಲಿ ಚರ್ಮ ಎರಡು ಹೋಳಾಗಿ ಆಡುತ್ತದೆ. ಒಂದು ಹೋಳು ಮೇಲೆ ಹೋದಾಗ ಇನ್ನೊಂದು ಕೆಳಗೆ. ಆಗ ನಟ್ಟನಡುವಿನ ಗೆರೆ ಅಲುಗುವುದೇ ಇಲ್ಲ. ಅಲ್ಲಿ ಇಟ್ಟ ಭಾರ ಅದನ್ನು ಅಷ್ಟಾಗಿ ನಿಧಾನಿಸುವುದಿಲ್ಲ. ಮೊದಲನೆಯದು ಜಾಸ್ತಿ ತಗ್ಗಿತು, ಎರಡನೆಯದು ಕಡಿಮೆ ತಗ್ಗಿತು. ಹಾಗಾಗಿ 1.59 ಇದ್ದ ಅಂತರ ಹಿಗ್ಗುತ್ತಾ ಹೋಗಿ 2 ಆಗುತ್ತದೆ. ಕರ್ಣದ ದಪ್ಪ ನಡುವಿನಿಂದ ಅಂಚಿಗೆ ಹದವಾಗಿ ಇಳಿದರೆ ಉಳಿದ ಕಂಪನಗಳೂ 3, 4, 5ರ ಜಾಗಕ್ಕೆ ಬಂದು ಕೂರುತ್ತವೆ. ಬೇರೆ ಬೇರೆಯಾಗಿದ್ದ ಒಂಬತ್ತು ಕಂಪನಗಳು ಸೇರಿ ಐದು ಸ್ವರಾಂಶಗಳಾಗುತ್ತವೆ, ಅಂದರೆ ತಂತಿಯಲ್ಲಿದ್ದಂತೆ ಪೂರ್ಣ ಸಂಖ್ಯೆಯ ಪಟ್ಟಿನ ಕಂಪನಗಳಾಗುತ್ತವೆ. ಚರ್ಮ ತಂತಿಯ ಗುಣ ಪಡೆಯುತ್ತದೆ. ಶ್ರುತಿ ಹಿಡಿಯುತ್ತದೆ.

ನಮ್ಮ ಮಕ್ಕಳು ಬರೆದುಕೊಂಡ ಅಳತೆಗಳಲ್ಲಿ ಇದು ಕಾಣುತ್ತಿತ್ತು. ಲೆಕ್ಕಕ್ಕೆ ಸರಿಯಾಗಿ ಎರಡು, ಮೂರು ಅಂತ ಬರಲಿಲ್ಲ. ಹತ್ತಿರ ಹತ್ತಿರ ಬಂತು. ತಮಟೆಯ ಅಂಕಿಗಳ ಪಕ್ಕದಲ್ಲಿ ಇಟ್ಟು ನೋಡಿದರೆ ವ್ಯತ್ಯಾಸ ಯಾರಿಗಾದರೂ ಗೊತ್ತಾಗುವಂತಿತ್ತು.

ಇದರಲ್ಲಿ ನನಗೆ ತುಂಬ ಇಷ್ಟವಾದದ್ದು ಇನ್ನೊಂದು. 'ನಂ' ಅಂತ ಬಾರಿಸುವಾಗ ಬೆರಳು ಎಲ್ಲಿ ಇರುತ್ತದೆ ಅಂತ ಆ ಹುಡುಗ ತೋರಿಸಿದ. ತೋರುಬೆರಳು ಅಂಚಿಗೆ ಹೊಡೆಯುತ್ತದೆ. ಉಂಗುರದ ಬೆರಳು ಮುಚ್ಚಿಗೆಯ ಮೇಲೆ ಮೆಲ್ಲಗೆ ತಾಗಿರುತ್ತದೆ. ಗುರುಗಳು ಹಾಗೆ ಹೇಳಿಕೊಟ್ಟಿದ್ದರು, ಅವನು ಹಾಗೆ ಬಾರಿಸುತ್ತಿದ್ದ. ಬೆರಳು ಸುಮ್ನೆ ತಾಗಿಸಿದ್ದಲ್ಲ. ಅದು ಮೊದಲನೇ ಕಂಪನವನ್ನು ತಡೆಯುತ್ತದೆ. ಎರಡು ಹೋಳಿನ ಕಂಪನಕ್ಕೆ ಮಾತ್ರ ದಾರಿ ಬಿಡುತ್ತದೆ. ಆ ಕಂಪನದ ಅಲುಗದ ಗೆರೆ ಬೆರಳಿನ ಕೆಳಗೇ ಹಾದುಹೋಗುತ್ತದೆ. ಹಾಗಾಗಿ 'ನಂ'ನಲ್ಲಿ ಕೇಳುವುದು ಮೂಲದ ಎರಡರಷ್ಟು, ಅಂದರೆ ಮೇಲಿನ ಷಡ್ಜ. ಮರಳು ಹಾಕಿ ನೋಡಿದಾಗ ಗೆರೆ ಕಣ್ಣಿಗೇ ಕಂಡಿತು. ಚಿಕ್ಕಂದಿನಿಂದ ಅವನ ಕೈಗೆ ಗೊತ್ತಿದ್ದ ವಿಷಯ ಅವನ ಪುಸ್ತಕಕ್ಕೆ ಬಂದ ಗಳಿಗೆ ಅದು. ಆಗ ಅವನ ಮುಖ ನೋಡಿದ ನಾನು, ಪ್ರದರ್ಶನದ ಸಂಜೆಯೂ ಅವನ ಮುಖ ನೋಡಿದೆ. ಈ ಪತ್ರ ಬರೆಯಲು ಅದೇ ಕಾರಣ.

ಇದು ನಮ್ಮ ಮಕ್ಕಳು ಮೊದಲ ಸಲ ಕಂಡುಹಿಡಿದದ್ದಲ್ಲ. ನೂರು ವರ್ಷಕ್ಕೂ ಹಿಂದೆ ಇದನ್ನು ಕಂಡು ಬರೆದವರು ಸರ್ ಸಿ.ವಿ. ರಾಮನ್. ಕೋಲ್ಕತ್ತಾದಲ್ಲಿದ್ದಾಗ ಶಿವಕಾಳಿ ಕುಮಾರ್ ಅವರ ಜೊತೆ ಸೇರಿ ಈ ಬಗ್ಗೆ ಅವರು ಬರೆದ ಟಿಪ್ಪಣಿ 1920ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. 1933ರಲ್ಲಿ ಅವರು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು. ಮರುವರ್ಷ ಭಾರತೀಯ ವಿಜ್ಞಾನ ಅಕಾಡೆಮಿ ಕಟ್ಟಿದರು. ಆ ಅಕಾಡೆಮಿಯ ಪತ್ರಿಕೆಯ ಮೊದಲನೇ ಸಂಪುಟದಲ್ಲೇ, 1934ರಲ್ಲಿ, ನಮ್ಮ ಚರ್ಮವಾದ್ಯಗಳ ಬಗ್ಗೆ ಅವರ ದೊಡ್ಡ ಲೇಖನ ಇದೆ. ಮುಚ್ಚಿಗೆಯ ಮೇಲೆ ಮರಳು ಉದುರಿಸಿ ತೆಗೆದ ಚಿತ್ರಗಳು ಅದರಲ್ಲಿವೆ. ಜರ್ಮನಿಯ ಕ್ಲಾಡ್ನಿ ಎಂಬ ವಿಜ್ಞಾನಿ 1787ರಲ್ಲಿ ಲೋಹದ ತಗಡಿನ ಮೇಲೆ ಮರಳು ಹಾಕಿ ಕಂಪನದ ಚಿತ್ರ ತೋರಿಸಿದ್ದರು. ಅದೇ ಉಪಾಯವನ್ನು ರಾಮನ್ ನಮ್ಮ ವಾದ್ಯದ ಚರ್ಮದ ಮೇಲೆ ತಂದರು. ನೊಬೆಲ್ ಬಂದದ್ದು 1930ರಲ್ಲಿ. ಅದಾದ ಮೇಲೂ, ಜಗತ್ತೆಲ್ಲ ಅವರ ಬೆಳಕಿನ ಕೆಲಸದ ಬಗ್ಗೆ ಮಾತಾಡುತ್ತಿದ್ದಾಗಲೂ, ಅವರು ಮೃದಂಗವನ್ನು ಬಿಟ್ಟಿರಲಿಲ್ಲ.

ಪ್ರತಿ ಫೆಬ್ರವರಿ 28ರಂದು ನಾವು ರಾಷ್ಟ್ರೀಯ ವಿಜ್ಞಾನ ದಿನ ಮಾಡುತ್ತೇವೆ. 1928ರ ಅದೇ ದಿನ ರಾಮನ್ ಪರಿಣಾಮ ಪತ್ತೆಯಾಯಿತು. ಅವರ ಫೋಟೋಕ್ಕೆ ಹಾರ ಹಾಕುತ್ತೇವೆ, ಭಾಷಣ ಮಾಡಿಸುತ್ತೇವೆ. ಪಿಟೀಲು, ವೀಣೆ, ತಂಬೂರಿ, ಮೃದಂಗಗಳ ಮೇಲೆ ಅವರು ವರ್ಷಗಟ್ಟಲೆ ಕೆಲಸ ಮಾಡಿದರು ಅಂತ ಎಷ್ಟು ಶಾಲೆಗಳಲ್ಲಿ ಹೇಳುತ್ತಾರೆ? 1927ರಲ್ಲಿ ಜರ್ಮನಿಯಲ್ಲಿ ಅಚ್ಚಾದ ಭೌತಶಾಸ್ತ್ರದ ದೊಡ್ಡ ಕೈಪಿಡಿಯಲ್ಲಿ ಸಂಗೀತ ವಾದ್ಯಗಳ ಬಗ್ಗೆ ಬರೆಯಲು ಆರಿಸಿದ್ದು ಅವರನ್ನೇ. ನಾನು ಪದವಿ, ಸ್ನಾತಕೋತ್ತರ ಪದವಿ ಎರಡೂ ಮುಗಿಸುವವರೆಗೆ ಇದನ್ನು ಯಾರೂ ನನಗೆ ಹೇಳಿರಲಿಲ್ಲ.

ಈಗ ಪಠ್ಯಕ್ಕೆ ಬರುತ್ತೇನೆ. ನಾವು ಪ್ರಥಮ ಪಿಯುಸಿಗೆ ಪಾಠ ಮಾಡುವ ಎನ್‌ಸಿಇಆರ್‌ಟಿ ಪುಸ್ತಕದ ತರಂಗಗಳ ಅಧ್ಯಾಯದಲ್ಲಿ ತಂತಿ ಇದೆ, ಕೊಳವೆ ಇದೆ. ತಬಲದ ಹೆಸರೂ ಬರುತ್ತದೆ. ಬಿಗಿದ ಚರ್ಮದ ಅಂಚು ಅಲುಗುವುದಿಲ್ಲ, ಅದರ ಆವರ್ತಗಳ ಲೆಕ್ಕ ಕಷ್ಟ ಅಂತ ಕೆಲವೇ ವಾಕ್ಯಗಳಲ್ಲಿ ಮಾತು ಮುಗಿಯುತ್ತದೆ. ನಡುವಿನ ಕಪ್ಪಿನ ಬಗ್ಗೆ ಏನೂ ಇಲ್ಲ. ಆ ಕಪ್ಪನ್ನು ಬಿಟ್ಟರೆ ತಬಲ ತಬಲವೇ ಅಲ್ಲ. ಲೆಕ್ಕ ಕಷ್ಟ ಎನ್ನುವುದು ನಿಜ. ಪಿಯುಸಿ ಮಕ್ಕಳಿಗೆ ಆ ಗಣಿತ ಬೇಡ. ಆದರೆ ನಾನು ಮೇಲೆ ಬರೆದಷ್ಟು ವಿವರಣೆಗೆ ಒಂದೇ ಒಂದು ಸಮೀಕರಣ ಬೇಕಾಗಲಿಲ್ಲ.

ಪ್ರಯೋಗಾಲಯದಲ್ಲಿ ಸೋನೋಮೀಟರ್ ಇದೆ, ಅನುನಾದ ಕೊಳವೆ ಇದೆ, ಶ್ರುತಿಕವೆಗಳಿವೆ. ಎಲ್ಲವೂ ಬೇಕು, ನಾನು ಬೇಡ ಅನ್ನುವುದಿಲ್ಲ. ಅದೇ ಕಾಲೇಜಿನ ಇನ್ನೊಂದು ಕೋಣೆಯ ಕಪಾಟಿನಲ್ಲಿ ತಂಬೂರಿ, ತಬಲ, ಹಾರ್ಮೋನಿಯಂ ಇರುತ್ತವೆ. ವಾರ್ಷಿಕೋತ್ಸವಕ್ಕೆ ಮಾತ್ರ ಬೀಗ ತೆಗೆಯುತ್ತಾರೆ. ಒಮ್ಮೆ ಪ್ರಯೋಗಕ್ಕೆ ತಂಬೂರಿ ಬೇಕು ಅಂತ ಕೇಳಿದೆ. ಅದು ಸಾಂಸ್ಕೃತಿಕ ಸಮಿತಿಯ ದಾಸ್ತಾನು ಪುಸ್ತಕದಲ್ಲಿದೆ, ವಿಜ್ಞಾನ ವಿಭಾಗಕ್ಕೆ ಕೊಡಲು ಬರುವುದಿಲ್ಲ ಎನ್ನುವ ಉತ್ತರ ಬಂತು. ಕೊನೆಗೆ ಹತ್ತಿರದ ಸಂಗೀತ ಶಿಕ್ಷಕಿಯೊಬ್ಬರು ಮನೆಯಿಂದ ತಮ್ಮ ತಂಬೂರಿಯನ್ನೇ ತಂದುಕೊಟ್ಟರು.

ತಂಬೂರಿಯ ಬಗ್ಗೆಯೂ ಹೇಳಬೇಕು, ಯಾಕಂದರೆ ಅದು ಪಠ್ಯದ ಒಂದು ನಿಯಮವನ್ನೇ ಪ್ರಶ್ನಿಸುವ ವಾದ್ಯ. ತಂತಿಯನ್ನು ಯಾವ ಜಾಗದಲ್ಲಿ ಮೀಟುತ್ತೇವೋ, ಆ ಜಾಗದಲ್ಲಿ ಅಲುಗದ ಬಿಂದು ಇರುವ ಕಂಪನ ಹುಟ್ಟಬಾರದು. ಥಾಮಸ್ ಯಂಗ್ ಹೇಳಿದ ನಿಯಮ ಇದು. ವೀಣೆ, ತಂಬೂರಿಗಳಲ್ಲಿ ಅಂಥ ಕಂಪನಗಳೂ ಜೋರಾಗಿಯೇ ಕೇಳುತ್ತವೆ ಅಂತ ರಾಮನ್ 1921ರಲ್ಲಿ ಬರೆದರು. ಕಾರಣ ಕುದುರೆಯ, ಅಂದರೆ ತಂತಿಯನ್ನು ಹೊತ್ತು ನಿಲ್ಲಿಸುವ ಪಟ್ಟಿಯ, ಆಕಾರ. ಪಿಟೀಲಿನ ಕುದುರೆಯ ಅಂಚು ಚೂಪು. ತಂಬೂರಿಯ ಕುದುರೆ ಅಗಲ, ಮೇಲ್ಭಾಗ ಮೆಲ್ಲಗೆ ಬಾಗಿರುತ್ತದೆ. ತಂತಿ ಕಂಪಿಸುವಾಗ ಆ ಬಾಗನ್ನು ಮುಟ್ಟುತ್ತಾ ಬಿಡುತ್ತಾ ಹೋಗುತ್ತದೆ. ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ಎಳೆ ಹತ್ತಿ ದಾರ ಸಿಕ್ಕಿಸಿ ಸ್ವಲ್ಪ ಸ್ವಲ್ಪವೇ ಜರುಗಿಸಿದರೆ, ಒಂದು ಜಾಗದಲ್ಲಿ ತಂಬೂರಿ ಇದ್ದಕ್ಕಿದ್ದಂತೆ ತುಂಬಿಕೊಂಡು ನುಡಿಯುತ್ತದೆ. ಧಾರವಾಡದ ಕಡೆಯ ಹಿಂದೂಸ್ತಾನಿ ಗಾಯಕರು ಜವಾರಿ ಅನ್ನುವುದು ಕುದುರೆಯ ಈ ಗುಣಕ್ಕೇ. ದಾರ ಇದ್ದಾಗ, ಇಲ್ಲದಾಗ ಫೋನಿನ ಪರದೆಯ ಮೇಲೆ ಕಂಪನಗಳ ಚಿತ್ರ ಹೇಗೆ ಬದಲಾಗುತ್ತದೆ ಅಂತ ನನ್ನ ತರಗತಿಯ ಎಲ್ಲರೂ ನೋಡಿದರು. ಇದಕ್ಕೆ ಖರ್ಚಾದದ್ದು ಒಂದು ಗೇಣು ದಾರ.

ಇನ್ನು ನನ್ನ ಎರಡನೇ ದೂರು. ಇದನ್ನು ಬರೆಯುವಾಗ ನನಗೆ ಇನ್ನೂ ಸಂಕಟವಾಗುತ್ತದೆ.

ಮಕ್ಕಳ ಕೆಲಸ ನಡೆಯುತ್ತಿದ್ದಾಗ ಒಬ್ಬ ಮದ್ದಳೆ, ಮೃದಂಗ ಮಾಡುವ ಹಿರಿಯರನ್ನು ಕಾಲೇಜಿಗೆ ಕರೆದಿದ್ದೆ. ಅವರು ಪ್ರಯೋಗಾಲಯದ ನೆಲದ ಮೇಲೆ ಕೂತು ಕರ್ಣ ಹಾಕಿ ತೋರಿಸಿದರು. ಕಿಟ್ಟದ ಕಲ್ಲನ್ನು ಕುಟ್ಟಿ ಜರಡಿ ಹಿಡಿದ ಪುಡಿ. ಅದನ್ನು ಅನ್ನದ ಜೊತೆ ನಾದಿ ಮಾಡಿದ ಕಪ್ಪು ಕಣಕ. ಚಿಟಿಕೆಯಷ್ಟು ತೆಗೆದು ಚರ್ಮದ ಮೇಲೆ ತೆಳ್ಳಗೆ ಹರಡುವುದು. ನುಣುಪು ಕಲ್ಲಿನಿಂದ ಉಜ್ಜುವುದು. ಒಣಗಿದ ಮೇಲೆ ಇನ್ನೊಂದು ಪದರ, ಇನ್ನಷ್ಟು ಉಜ್ಜುವುದು. ಪದರ ಹೆಚ್ಚಿದಂತೆ ಸುತ್ತಳತೆ ಕಿರಿದಾಗುತ್ತಾ ಹೋಗುತ್ತದೆ. ಮಧ್ಯೆ ಮಧ್ಯೆ ಬೆರಳಿನಿಂದ ತಟ್ಟಿ ಕೇಳುತ್ತಾರೆ. ಕಲ್ಲಿನಿಂದ ಉಜ್ಜಿ ಉಜ್ಜಿ ಕರ್ಣದ ತುಂಬ ಕೂದಲೆಳೆಯಂಥ ಬಿರುಕುಗಳು ಏಳುತ್ತವೆ. ಅವು ಬೇಕೇ ಬೇಕು. ಇಲ್ಲದಿದ್ದರೆ ಕರ್ಣ ಗಟ್ಟಿ ಬಿಲ್ಲೆಯಾಗಿ ಚರ್ಮವನ್ನು ಬಾಗಲು ಬಿಡುವುದಿಲ್ಲ. ಬಿರುಕು ಬಿಟ್ಟ ಕರ್ಣ ಭಾರವನ್ನೂ ಕೊಡುತ್ತದೆ, ಚರ್ಮದ ಜೊತೆ ಬಾಗುತ್ತಲೂ ಇರುತ್ತದೆ. ಎಡ ಮುಚ್ಚಿಗೆಗೆ ಹಚ್ಚುವ ಬೋನದ ಬಗ್ಗೆಯೂ ಹೇಳಿದರು. ಹಲಸಿನ ಮರದ ಯಾವ ಭಾಗ ಒಳ್ಳೆಯದು, ಮಳೆಗಾಲದಲ್ಲಿ ಚರ್ಮ ಯಾಕೆ ಇಳಿಯುತ್ತದೆ, ಎಲ್ಲ ಹೇಳಿದರು. ಮಕ್ಕಳು ಊಟದ ಗಂಟೆ ಹೊಡೆದರೂ ಏಳಲಿಲ್ಲ.

ಆ ದಿನದ ಗೌರವಧನಕ್ಕೆ ನಾನು ಕಡತ ಕಳಿಸಿದೆ. ಅದು ವಾಪಸ್ ಬಂತು. ವಿಜ್ಞಾನ ವಿಷಯದ ಸಂಪನ್ಮೂಲ ವ್ಯಕ್ತಿಗೆ ಸಂಬಂಧಪಟ್ಟ ಪದವಿ ಇರಬೇಕು, ಇವರ ವಿದ್ಯಾರ್ಹತೆಯ ದಾಖಲೆ ಇಲ್ಲ ಅಂತ ಷರಾ ಬರೆದಿತ್ತು. ನಾವು ಶಿಕ್ಷಕರೇ ಕೈಯಿಂದ ಸೇರಿಸಿ ಕೊಟ್ಟೆವು. ಅವರು ಮೊದಲು ಬೇಡ ಅಂದರು, ಒತ್ತಾಯಕ್ಕೆ ತೆಗೆದುಕೊಂಡರು.

ಮಾನ್ಯರೇ, ಇದು ಬರೀ ಒಂದು ದಿನದ ಹಣದ ಮಾತಲ್ಲ. ಚರ್ಮದ ಕೆಲಸ ಮಾಡುವವರನ್ನು ನಮ್ಮ ಸಮಾಜ ತಲೆಮಾರುಗಳಿಂದ ದೂರ ಇಟ್ಟಿದೆ. ವಾದ್ಯ ನುಡಿಸುವವರಿಗೆ ವೇದಿಕೆ ಸಿಕ್ಕಿತು, ಬಿರುದು ಸಿಕ್ಕಿತು. ಆ ವಾದ್ಯಕ್ಕೆ ಸ್ವರ ತಂದವರು ಮನೆಯ ಜಗಲಿಯ ಹೊರಗೇ ಉಳಿದರು. ಎಷ್ಟು ಭಾರ, ಎಲ್ಲಿ, ಎಷ್ಟು ದಪ್ಪ, ಯಾವ ಹದ ಎನ್ನುವುದನ್ನು ಕಿವಿಯಿಂದಲೇ ಅಳೆದು ನಿಖರವಾಗಿ ಮಾಡುವವರು ಅವರು. ಇಂಥವರನ್ನು ಸರ್ಕಾರಿ ಕಾಲೇಜಿನ ಪ್ರಯೋಗಾಲಯಕ್ಕೆ ಕರೆದು, ಮಕ್ಕಳ ಎದುರು ಗುರುವಿನ ಜಾಗದಲ್ಲಿ ಕೂರಿಸಿದರೆ, ಆ ಮಕ್ಕಳು ಭೌತಶಾಸ್ತ್ರದ ಜೊತೆಗೆ ಇನ್ನೂ ಒಂದು ದೊಡ್ಡ ಪಾಠ ಕಲಿಯುತ್ತಾರೆ. ಅದಕ್ಕೆ ಅಡ್ಡ ಬಂದದ್ದು ಪದವಿ ಪ್ರಮಾಣಪತ್ರ ಕೇಳುವ ಒಂದು ಸಾಲು.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಇಂಥ ವಿಷಯ ಎತ್ತಿದ ಕೂಡಲೇ, ನಮ್ಮ ಹಿರಿಯರಿಗೆ ಎಲ್ಲವೂ ಗೊತ್ತಿತ್ತು, ಈಗಿನ ವಿಜ್ಞಾನ ಹೊಸದೇನೂ ಹೇಳಿಲ್ಲ ಎನ್ನುವ ಮಾತು ಬರುತ್ತದೆ. ನಾನು ಕೇಳುತ್ತಿರುವುದು ಅದನ್ನಲ್ಲ. ಭರತನ ನಾಟ್ಯಶಾಸ್ತ್ರದಲ್ಲೇ ವಾದ್ಯದ ಚರ್ಮಕ್ಕೆ ನದಿ ದಂಡೆಯ ಮಣ್ಣು ಮೆತ್ತಿ ಶ್ರುತಿ ಮಾಡುವ ಮಾತಿದೆ. ಹೇಗೆ ಮಾಡಿದರೆ ಸ್ವರ ಬರುತ್ತದೆ ಅಂತ ಕಲಾವಿದರು ತಲೆಮಾರುಗಳಿಂದ ಹುಡುಕಿ ಹುಡುಕಿ ಕಂಡುಕೊಂಡರು. ಯಾಕೆ ಬರುತ್ತದೆ ಅಂತ ರಾಮನ್ ತೋರಿಸಿದರು. ಇವೆರಡೂ ಬೇರೆ ಬೇರೆ ಅರಿವು, ಒಂದು ಇನ್ನೊಂದರ ಜಾಗ ತುಂಬುವುದಿಲ್ಲ. ಮಕ್ಕಳಿಗೆ ಎರಡನ್ನೂ ಒಟ್ಟಿಗೆ ತೋರಿಸಬೇಕು. ಹೆಮ್ಮೆ ಪಡಲಿ, ಬೇಡ ಅನ್ನುವುದಿಲ್ಲ. ಅಳೆದು ನೋಡಿದ ಮೇಲೆ ಪಡಲಿ.

ಮದ್ದಳೆ ನನಗೆ ಹತ್ತಿರದ್ದು, ಅದಕ್ಕೇ ಇಷ್ಟು ಬರೆದೆ. ಬೇರೆ ಜಿಲ್ಲೆಗಳಲ್ಲಿ ಬೇರೆ ಬೇರೆ ಇವೆ. ಬೀದರಿನ ಬಿದ್ರಿ ಕೆಲಸದಲ್ಲಿ ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಬೆಳ್ಳಿ ಕೂರಿಸಿದ ಮೇಲೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿ ಹಚ್ಚುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಆ ಊರಿನ ರಸಾಯನಶಾಸ್ತ್ರದ ತರಗತಿಗೆ ಇದಕ್ಕಿಂತ ಒಳ್ಳೆಯ ಪಾಠ ಇನ್ಯಾವುದು? ವಿಜಯಪುರದ ಗೋಲಗುಮ್ಮಟಕ್ಕೆ ಪ್ರವಾಸ ಹೋಗದ ಶಾಲೆ ಇಲ್ಲ. ಮಕ್ಕಳು ಕೂಗಿ, ಪ್ರತಿಧ್ವನಿ ಕೇಳಿ, ಬಸ್ ಹತ್ತುತ್ತಾರೆ. ಒಂದು ಬದಿಯ ಪಿಸುಮಾತು ಗೋಡೆಯ ಬಾಗನ್ನೇ ಹಿಡಿದು ಇನ್ನೊಂದು ಬದಿಗೆ ಹೇಗೆ ತಲುಪುತ್ತದೆ ಅಂತ ಕೇಳುವವರೂ ಕಡಿಮೆ, ಹೇಳುವವರೂ ಕಡಿಮೆ.

ತಮ್ಮ ಅಧಿಕಾರಿಗಳು ಏನು ಹೇಳಬಹುದು ಅಂತ ನಾನು ಊಹಿಸಬಲ್ಲೆ. ಪಠ್ಯ ಈಗಲೇ ಭಾರ. ಮಕ್ಕಳಿಗೆ ಸಿಇಟಿ, ನೀಟ್ ಇದೆ. ಶಿಕ್ಷಕರಿಗೆ ಸಮಯ ಇಲ್ಲ. ಇವೆಲ್ಲ ನಿಜ, ನಾನೂ ಅದೇ ಒತ್ತಡದಲ್ಲಿದ್ದೇನೆ. ಆದರೆ ನಾನು ಹೊಸ ಅಧ್ಯಾಯ ಕೇಳುತ್ತಿಲ್ಲ. ಸ್ಥಿರ ತರಂಗ, ಅನುನಾದ, ಸ್ವರಾಂಶ ಇವೆಲ್ಲ ಈಗಲೇ ಪಠ್ಯದಲ್ಲಿವೆ. ಕೇವಲ ಸೂತ್ರ ಬಾಯಿಪಾಠ ಮಾಡಿದವರಿಗಿಂತ, ಮರಳಿನ ಗೆರೆ ಕಣ್ಣಾರೆ ಕಂಡ ಮಕ್ಕಳು ಈ ಪಾಠದ ಪ್ರಶ್ನೆಗಳಿಗೆ ಚೆನ್ನಾಗಿ ಉತ್ತರ ಬರೆದಿದ್ದಾರೆ. ಇದು ನನ್ನ ತರಗತಿಯ ಅನುಭವ, ಅದಕ್ಕಿಂತ ದೊಡ್ಡ ಪುರಾವೆ ಅಂತ ನಾನು ಹೇಳುವುದಿಲ್ಲ.

ಇನ್ನೊಂದು ಮಾತು ಸಂಯೋಜನೆಗಳ ಬಗ್ಗೆ. ಪಿಯುಸಿ ವಿಷಯಗಳ ಪಟ್ಟಿಯಲ್ಲಿ ಕರ್ನಾಟಕ ಸಂಗೀತ, ಹಿಂದೂಸ್ತಾನಿ ಸಂಗೀತ ಇವೆ. ಆದರೆ ಭೌತಶಾಸ್ತ್ರ, ಗಣಿತದ ಜೊತೆ ಸಂಗೀತ ತೆಗೆದುಕೊಳ್ಳಲು ನಮ್ಮಂಥ ಕಾಲೇಜುಗಳಲ್ಲಿ ದಾರಿ ಇಲ್ಲ. ಚೆನ್ನಾಗಿ ವೀಣೆ ನುಡಿಸುತ್ತಿದ್ದ ಹುಡುಗಿಯೊಬ್ಬಳು ಪಿಸಿಎಂಬಿಗೆ ಸೇರಿದ ಮೇಲೆ ಸೀನಿಯರ್ ಪರೀಕ್ಷೆ ಕಟ್ಟುವುದನ್ನೇ ಬಿಟ್ಟಳು. ಅತ್ತ ಕಲಾ ವಿಭಾಗಕ್ಕೆ ಹೋಗಿ ಸಂಗೀತ ಓದುವ ಮಕ್ಕಳಿಗೆ ಪ್ರಯೋಗಾಲಯದ ಬಾಗಿಲೇ ಕಾಣುವುದಿಲ್ಲ. ತಾವು ದಿನವೂ ಹಿಡಿಯುವ ವಾದ್ಯದ ಒಳಗೆ ಏನು ನಡೆಯುತ್ತದೆ ಅಂತ ತಿಳಿಯುವ ಹಕ್ಕು ಅವರಿಗೂ ಇದೆ ಅಲ್ವಾ? ಕಲೆ ಮತ್ತು ವಿಜ್ಞಾನದ ನಡುವೆ ಗಟ್ಟಿ ಗೋಡೆ ಇರಬಾರದು ಅಂತ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಬರೆದಿದೆ. ಆ ನೀತಿಯ ಬಗ್ಗೆ ರಾಜ್ಯಕ್ಕೆ ಬೇರೆ ತಕರಾರುಗಳಿವೆ, ಅದು ನನಗೆ ಗೊತ್ತು. ಕೇಂದ್ರದ ನೀತಿ ಇರಲಿ, ರಾಜ್ಯದ್ದೇ ಇರಲಿ, ಈ ಒಂದು ಮಾತಿಗೆ ಯಾರ ತಕರಾರೂ ಇರಲಾರದು ಅಂದುಕೊಂಡಿದ್ದೇನೆ.

ನನ್ನ ಕೋರಿಕೆಗಳು ಹೀಗಿವೆ.

ಎಲ್ಲಕ್ಕಿಂತ ಮೊದಲು ವಸ್ತುಪ್ರದರ್ಶನಗಳ ನಿಯಮ ತಿದ್ದಿಸಿ. ವಾದ್ಯ, ನೇಯ್ಗೆ, ಎರಕ, ಬಣ್ಣ, ಕಟ್ಟಡ ಇಂಥ ಕಲೆಗಳ ಹಿಂದಿನ ವಿಜ್ಞಾನವನ್ನು ಅಳೆದು ತೋರಿಸುವ ಕೆಲಸ ವಿಜ್ಞಾನ ವಿಭಾಗಕ್ಕೇ ಸೇರುತ್ತದೆ ಅಂತ ಒಂದು ಸಾಲು ಸೇರಿಸಿದರೆ ಸಾಕು. ಇದಕ್ಕೆ ಸುತ್ತೋಲೆಯೊಂದು ಬಿಟ್ಟರೆ ಬೇರೇನೂ ಬೇಡ. ಇದೊಂದನ್ನಾದರೂ ಮುಂದಿನ ಪ್ರದರ್ಶನದ ಒಳಗೆ ಮಾಡಿಸಿಕೊಡಿ.

ವಾದ್ಯ ಮಾಡುವವರು, ಕುಶಲಕರ್ಮಿಗಳು ಸಂಪನ್ಮೂಲ ವ್ಯಕ್ತಿಗಳಾಗಿ ಬಂದಾಗ ಪದವಿ ಕೇಳಬಾರದು. ಪ್ರಾಂಶುಪಾಲರೂ ವಿಷಯ ಶಿಕ್ಷಕರೂ ಕೊಟ್ಟ ದೃಢೀಕರಣ ಸಾಕು ಅಂತ ಆದೇಶ ಆಗಬೇಕು. ಬೇರೆ ಸಂಪನ್ಮೂಲ ವ್ಯಕ್ತಿಗಳಿಗೆ ಎಷ್ಟು ಗೌರವಧನವೋ ಇವರಿಗೂ ಅಷ್ಟೇ ಸಿಗಬೇಕು. ಕಡಿಮೆ ಕೊಟ್ಟರೆ ಕೊಡದಿದ್ದಕ್ಕಿಂತ ಹೆಚ್ಚು ಅವಮಾನ.

ಪ್ರಥಮ ಪಿಯುಸಿ ಭೌತಶಾಸ್ತ್ರದ ಪ್ರಾಯೋಗಿಕ ತರಗತಿಯಲ್ಲಿ ಚರ್ಮವಾದ್ಯ ಅಥವಾ ತಂಬೂರಿಯ ಒಂದು ಚಟುವಟಿಕೆಯನ್ನು ಐಚ್ಛಿಕವಾಗಿ ಸೇರಿಸಬಹುದು. ಕಡ್ಡಾಯ ಮಾಡಬೇಡಿ. ಕಡ್ಡಾಯ ಮಾಡಿದರೆ ಅದೂ ರೆಕಾರ್ಡ್ ಪುಸ್ತಕದಲ್ಲಿ ನಕಲು ಮಾಡುವ ಇನ್ನೊಂದು ಪ್ರಯೋಗವಾಗುತ್ತದೆ ಅಂತ ನನಗೆ ಭಯ. ಆಸಕ್ತಿ ಇರುವ ಶಿಕ್ಷಕರು ಮಾಡಲಿ. ಕಪಾಟಿನಲ್ಲಿರುವ ವಾದ್ಯಗಳನ್ನು ಎರಡೂ ವಿಭಾಗದವರು ಬಳಸಬಹುದು ಅಂತ ದಾಸ್ತಾನಿನ ನಿಯಮವನ್ನೂ ಜೊತೆಗೇ ಸಡಿಲ ಮಾಡಿ.

ವಿಜ್ಞಾನ ಓದುವವರು ಸಂಗೀತವನ್ನೂ, ಸಂಗೀತ ಓದುವವರು ಭೌತಶಾಸ್ತ್ರವನ್ನೂ ತೆಗೆದುಕೊಳ್ಳುವ ಸಂಯೋಜನೆಯನ್ನು ಕೆಲವು ಕಾಲೇಜುಗಳಲ್ಲಾದರೂ ಶುರುಮಾಡಿ. ಇದಕ್ಕೆ ಶಿಕ್ಷಕರು ಬೇಕು, ಹಣ ಬೇಕು, ಒಂದೆರಡು ವರ್ಷ ಹಿಡಿಯುತ್ತದೆ ಅಂತ ಗೊತ್ತಿದೆ. ಅದಕ್ಕೇ ಕೊನೆಯಲ್ಲಿ ಬರೆದೆ.

ವಿಜ್ಞಾನ ಶಿಕ್ಷಕ ಮಿತ್ರರಲ್ಲಿಯೂ ಒಂದು ವಿನಂತಿ. ಸುತ್ತೋಲೆ ಬರುವವರೆಗೆ ಕಾಯಬೇಡಿ. ನಿಮ್ಮ ತರಗತಿಯಲ್ಲಿ ಮೃದಂಗ, ತಬಲ, ಮದ್ದಳೆ ಬಾರಿಸುವ ಒಬ್ಬರಾದರೂ ಇರುತ್ತಾರೆ. ಈ ಫೆಬ್ರವರಿ 28ರಂದು ಅವರ ಕೈಯಲ್ಲಿ ವಾದ್ಯ ತರಿಸಿ, ಮುಚ್ಚಿಗೆಯ ಮೇಲೆ ಚಿಟಿಕೆ ಮರಳು ಹಾಕಿ.

ನಮ್ಮ ಮಕ್ಕಳ ಅಳತೆಗಳ ಪಟ್ಟಿ, ಮರಳಿನ ಚಿತ್ರಗಳು, ತರಗತಿಯಲ್ಲಿ ಈ ಪ್ರಯೋಗ ಮಾಡುವ ವಿಧಾನ ಬರೆದ ನಾಲ್ಕು ಪುಟ, ಇವನ್ನು ಪತ್ರದ ಪ್ರತಿಯ ಜೊತೆ ತಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ವಿಷಯ ತಜ್ಞರ ಸಮಿತಿಯ ಮುಂದೆ ಇಡಿಸಬೇಕು. ಸಮಿತಿ ಕರೆದರೆ ಆ ಮಕ್ಕಳನ್ನೂ, ಕರ್ಣ ಹಾಕಿ ತೋರಿಸಿದ ಹಿರಿಯರನ್ನೂ ಕರೆದುಕೊಂಡು ಬೆಂಗಳೂರಿಗೆ ಬರಲು ಸಿದ್ಧಳಿದ್ದೇನೆ. ಆಗ ಆ ಹಿರಿಯರ ಪ್ರಯಾಣಭತ್ಯೆಯ ಕಡತ ವಾಪಸ್ ಬಾರದ ಹಾಗೆ ತಾವೇ ನೋಡಿಕೊಳ್ಳಬೇಕು ಅಂತ ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಭೌತಶಾಸ್ತ್ರ ಉಪನ್ಯಾಸಕಿ,
ಸರ್ಕಾರಿ ಪದವಿಪೂರ್ವ ಕಾಲೇಜು